ಡೌರೊ ಕಣಿವೆಗೆ ಸಣ್ಣ ಗುಂಪಿನ ವೈನ್ ಪ್ರವಾಸ: ಹಣ ಕಟ್ಟುವ ಮುನ್ನ, ಹೋದ ಮೇಲೆ

‘ಪೋರ್ಚುಗಲ್‌ಗೆ ಹೋಗುತ್ತಿದ್ದೇವೆ. ಪೋರ್ಟೊ ನಗರದಿಂದ ಡೌರೊ ಕಣಿವೆಗೆ ಹೊರಡುವ ವೈನ್ ಪ್ರವಾಸಗಳು ಹತ್ತಾರಿವೆ. ಯಾವುದಕ್ಕೆ ಹಣ ಕಟ್ಟಬೇಕು?’ ಓದುಗರು ಇದನ್ನು ಮತ್ತೆ ಮತ್ತೆ ಕೇಳುತ್ತಾರೆ. ಬೆನ್ನಿಗೇ ಇನ್ನೆರಡು ಪ್ರಶ್ನೆ ಬರುತ್ತವೆ: ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ? ಜೊತೆಯಲ್ಲಿರುವವರು ಕುಡಿಯುವುದಿಲ್ಲ, ಅವರು ಏನು ಮಾಡಬೇಕು? ಮೂರಕ್ಕೂ ಇಲ್ಲಿ ಉತ್ತರಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಬಗೆಯ ವೈನ್ ಕೊಡುತ್ತಾರೆ ಎಂಬುದನ್ನು ನೋಡಿ ಪ್ರವಾಸ ಆರಿಸಬೇಡಿ. ದ್ರಾಕ್ಷಿತೋಟದಲ್ಲಿ ಎಷ್ಟು ಹೊತ್ತು ನಿಲ್ಲಲು ಬಿಡುತ್ತಾರೆ ಎಂಬುದನ್ನು ನೋಡಿ ಆರಿಸಿ. ಬಾಟಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಆ ಬೆಟ್ಟ ಅಲ್ಲಿ ಮಾತ್ರ ಇದೆ.

1. ಮೊದಲು ಜಾಗವನ್ನು ಗುರುತಿಸಿಕೊಳ್ಳಿ

ಡೌರೊ ನದಿ ಸ್ಪೇನ್‌ನಲ್ಲಿ ಹುಟ್ಟಿ ಪೋರ್ಚುಗಲ್‌ನ ಉತ್ತರ ಭಾಗವನ್ನು ದಾಟಿ ಪೋರ್ಟೊದ ಬಳಿ ಅಟ್ಲಾಂಟಿಕ್ ಸೇರುತ್ತದೆ. ವೈನ್ ಪ್ರದೇಶ ಇರುವುದು ಪೋರ್ಟೊದಲ್ಲಲ್ಲ, ಅಲ್ಲಿಂದ ರಸ್ತೆಯಲ್ಲಿ ಸುಮಾರು ಎರಡು ಗಂಟೆ ಒಳನಾಡಿಗೆ, ಮರಾಂವ್ ಬೆಟ್ಟಸಾಲಿನ ಆಚೆಗೆ. ಕಡಲಿನ ತೇವವನ್ನು ಆ ಬೆಟ್ಟ ತಡೆಯುವುದರಿಂದ ಆಚೆಗಿನ ಕಣಿವೆ ಒಣ, ಬಿರುಬಿಸಿಲಿನ ನಾಡು. ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ ಎಂಬುದು ಅಲ್ಲಿನವರದೇ ಮಾತು.

ವೈನ್ ಹೆಸರಿನಲ್ಲಿ ನಡೆಯುವ ವಂಚನೆಗಳನ್ನು ತಡೆಯಲು 1756ರಲ್ಲಿ ಪೋರ್ಚುಗಲ್‌ನ ಪ್ರಬಲ ಮಂತ್ರಿ, ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎನಿಸಿಕೊಂಡವನು, ಈ ಪ್ರದೇಶದ ಗಡಿ ನಿಗದಿಪಡಿಸಲು ಹೊರಟ. ಗಡಿಯುದ್ದಕ್ಕೂ ನೆಡಿಸಿದ ಗ್ರಾನೈಟ್ ಕಂಬಗಳಲ್ಲಿ ಹಲವು ಇಂದಿಗೂ ತೋಟಗಳ ನಡುವೆ ನಿಂತಿವೆ. ಕಾನೂನಿನ ಮೂಲಕ ಗಡಿ ಗುರುತಿಸಿದ ಜಗತ್ತಿನ ಅತಿ ಹಳೆಯ ವೈನ್ ಪ್ರದೇಶಗಳಲ್ಲಿ ಇದೂ ಒಂದು. 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ‘ಆರು ಸೇತುವೆಗಳ ಡೌರೊ ವಿಹಾರ’ ಎಂದು ಮಾರುವ ದೋಣಿಯಾನ ಪೋರ್ಟೊ ನಗರದೊಳಗೇ ಸುತ್ತಿಸಿ ಒಂದು ಗಂಟೆಯೊಳಗೆ ವಾಪಸು ತರುತ್ತದೆ. ಅದರಲ್ಲಿ ದ್ರಾಕ್ಷಿತೋಟ ಕಾಣುವುದಿಲ್ಲ. ಹಾಗೆಯೇ ನದಿಯ ಎದುರು ದಡದ ವಿಲಾ ನೋವಾ ದೆ ಗಾಯಾದಲ್ಲಿರುವುದು ಪೋರ್ಟ್ ಎಂಬ, ಮದ್ಯಸಾರ ಬೆರೆಸಿದ ಸಿಹಿ ವೈನನ್ನು ಮಾಗಿಸುವ ಉಗ್ರಾಣಗಳು. 1986ರವರೆಗೂ ಪೋರ್ಟ್ ವೈನ್ ರಫ್ತು ಆಗಬೇಕಿದ್ದರೆ ಗಾಯಾದ ಮೂಲಕವೇ ಹೋಗಬೇಕಿತ್ತು. ದೊಡ್ಡ ಹೆಸರುಗಳೆಲ್ಲ ಅಲ್ಲಿ ನೆರೆದಿರುವುದಕ್ಕೆ ಅದೇ ಕಾರಣ. ಆ ಉಗ್ರಾಣಗಳನ್ನು ನೋಡಲು ಪ್ರವಾಸವೇ ಬೇಕಿಲ್ಲ, ಸೇತುವೆ ದಾಟಿ ನಡೆದುಕೊಂಡೇ ಹೋಗಬಹುದು. ಹಣ ಕೊಟ್ಟು ಹೋಗುವುದಿದ್ದರೆ ಕಾರ್ಯಕ್ರಮದಲ್ಲಿ ರೆಗ್ವಾ ಅಥವಾ ಪಿನ್ಯಾಂವ್ ಎಂಬ ಊರಿನ ಹೆಸರು ಇರಲೇಬೇಕು. ಇವೆರಡೂ ಕಣಿವೆಯ ಒಳಗಿನ ಪಟ್ಟಣಗಳು. ನಾನಾದರೆ ಪಿನ್ಯಾಂವ್ ಆರಿಸುತ್ತೇನೆ. ಕಡಿದಾದ ತೋಟಗಳು ಅದರ ಸುತ್ತಲೇ ಇವೆ.

2. ಕಾಲವನ್ನು ಆರಿಸಿ

ಏಪ್ರಿಲ್‌ನಿಂದ ಜೂನ್ ಮಧ್ಯದವರೆಗೆ ಬಳ್ಳಿಗಳು ಹಸಿರಾಗಿರುತ್ತವೆ, ಬಿಸಿಲು ಹಿತವಾಗಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ತಾಪಮಾನ 40 ಡಿಗ್ರಿ ದಾಟುವ ದಿನಗಳಿವೆ. ಹಿರಿಯರು, ಮಕ್ಕಳು ಜೊತೆಗಿದ್ದರೆ ಬೇಡ. ಅಕ್ಟೋಬರ್ ಕೊನೆಯಿಂದ ನವೆಂಬರ್ ಆರಂಭದವರೆಗೆ ಎಲೆಗಳು ಕೆಂಪು, ಹಳದಿಗೆ ತಿರುಗಿರುತ್ತವೆ, ಗದ್ದಲವೂ ಕಡಿಮೆ. ಚಳಿಗಾಲದಲ್ಲಿ ಮಳೆ, ಮಂಜು, ಬಳ್ಳಿಗಳು ಬೋಳು.

ಎಲ್ಲರೂ ಕೇಳುವುದು ಕೊಯ್ಲಿನ ಕಾಲವನ್ನು. ಸೆಪ್ಟೆಂಬರ್‌ನಲ್ಲಿ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಕೊಯ್ಲು ನಡೆಯುತ್ತದೆ, ಕಣಿವೆಗೆ ಜೀವ ಬಂದಿರುತ್ತದೆ. ಆದರೆ ದ್ರಾಕ್ಷಿಯನ್ನು ಕಾಲಿನಿಂದ ತುಳಿಯುವುದನ್ನು ನೋಡಬೇಕೆಂಬ ಆಸೆಯಿಂದ ಒಂದು ದಿನದ ಪ್ರವಾಸಕ್ಕೆ ಹೋದರೆ ನಿರಾಸೆಯಾಗಬಹುದು. ಹಗಲೆಲ್ಲ ಕೊಯ್ದ ಹಣ್ಣನ್ನು ತುಳಿಯುವುದು ಸಾಮಾನ್ಯವಾಗಿ ಸಂಜೆಯ ಮೇಲೆ. ಆ ಹೊತ್ತಿಗೆ ನಿಮ್ಮ ವ್ಯಾನ್ ಪೋರ್ಟೊದ ದಾರಿ ಹಿಡಿದಿರುತ್ತದೆ. ಅದನ್ನೇ ನೋಡಬೇಕಿದ್ದರೆ ಕಣಿವೆಯಲ್ಲಿ ಒಂದು ರಾತ್ರಿ ತಂಗಿ, ಮತ್ತು ತೋಟದವರಿಗೆ ಮೊದಲೇ ಬರೆದು ಖಚಿತಪಡಿಸಿಕೊಳ್ಳಿ. ಅಷ್ಟು ಶ್ರಮಕ್ಕೆ ಯೋಗ್ಯವಾದ ನೋಟ ಅದು. ಲಗಾರ್ ಎಂದರೆ ತೊಡೆಯ ಎತ್ತರದವರೆಗೆ ಹಣ್ಣು ತುಂಬುವ ಗ್ರಾನೈಟ್ ತೊಟ್ಟಿ. ಅದರೊಳಗೆ ಜನ ಸಾಲಾಗಿ, ಹೆಗಲಿಗೆ ಹೆಗಲು ಕೊಟ್ಟು, ಒಬ್ಬರ ಎಣಿಕೆಗೆ ತಕ್ಕಂತೆ ನಿಧಾನವಾಗಿ ಹೆಜ್ಜೆ ಎತ್ತಿ ಇಡುತ್ತಾರೆ. ಸುಮಾರು ಎರಡು ಗಂಟೆ ಈ ಶಿಸ್ತು. ಆಮೇಲೆ ‘ಸ್ವಾತಂತ್ರ್ಯ’ ಘೋಷಿಸುತ್ತಾರೆ: ಸಂಗೀತ ಶುರುವಾಗುತ್ತದೆ, ಸಾಲು ಮುರಿಯುತ್ತದೆ, ಎಲ್ಲರೂ ಮನಬಂದಂತೆ ಕುಣಿಯುತ್ತಾರೆ. ಕಾಲಿಗೆ ಬೀಜ ಒಡೆಯುವಷ್ಟು ಗಡಸುತನವಿಲ್ಲ. ಬೀಜ ಒಡೆದರೆ ರಸಕ್ಕೆ ಕಹಿ ಇಳಿಯುತ್ತದೆ. ಯಂತ್ರಗಳು ಬಂದ ಮೇಲೂ ಕೆಲವು ತೋಟಗಳು ತಮ್ಮ ಒಳ್ಳೆಯ ಪೋರ್ಟ್‌ಗೆ ಕಾಲನ್ನೇ ನಂಬಿರುವುದು ಇದಕ್ಕಾಗಿ.

3. ಹಣ ಕಟ್ಟುವ ಮುನ್ನ ಕೇಳಬೇಕಾದ್ದು

‘ಸಣ್ಣ ಗುಂಪು’ ಎಂಬ ಮಾತನ್ನು ಹಾಗೆಯೇ ನಂಬಬೇಡಿ. ಎಂಟು ಜನರ ವ್ಯಾನನ್ನೂ ಹಾಗೆ ಕರೆಯುತ್ತಾರೆ, ಇಪ್ಪತ್ತಕ್ಕೂ ಹೆಚ್ಚು ಜನರ ಮಿನಿಬಸ್ಸನ್ನೂ ಹಾಗೆಯೇ ಕರೆಯುತ್ತಾರೆ. ಎಂಟೇ ಜನರೆಂದರೆ ಚಾಲಕನೇ ಮಾರ್ಗದರ್ಶಿಯಾಗಿರುತ್ತಾನೆ. ಮಾತಿಗೆ ಅವಕಾಶವಿರುತ್ತದೆ, ದಾರಿಯಲ್ಲಿ ವ್ಯಾನ್ ನಿಲ್ಲಿಸಿ ಎಂದು ಕೇಳಬಹುದು. ದೊಡ್ಡ ಗುಂಪಾದರೆ ತೋಟದಲ್ಲಿ ಸಾಲು ನಿಲ್ಲಿಸಿ ಭಾಷಣ ಮುಗಿಸುತ್ತಾರೆ. ಆದ್ದರಿಂದ ಗರಿಷ್ಠ ಎಷ್ಟು ಜನ ಎಂಬುದನ್ನು ಅಂಕಿಯಲ್ಲಿ ಬರೆಸಿಕೊಳ್ಳಿ.

ಎರಡನೆಯ ಪ್ರಶ್ನೆ: ಎಷ್ಟು ಕಿಂಟಾಗಳು? ಕಿಂಟಾ ಎಂದರೆ ದ್ರಾಕ್ಷಿತೋಟ, ಮನೆ, ವೈನ್ ತಯಾರಿಸುವ ಕಟ್ಟಡ ಎಲ್ಲವೂ ಸೇರಿದ ಎಸ್ಟೇಟ್. ಎರಡು ಸಾಕು. ಹೋಗಿ ಬರುವ ದಾರಿಗೇ ನಾಲ್ಕು ಗಂಟೆ ಬೇಕು. ಊಟ, ಕಣಿವೆಯಲ್ಲಿನ ದೋಣಿಯಾನ ಕಳೆದರೆ ಉಳಿಯುವುದು ಕೆಲವೇ ಗಂಟೆ. ಅದರಲ್ಲಿ ಮೂರು ನಾಲ್ಕು ತೋಟ ತುರುಕಿದರೆ ಎಲ್ಲಿಯೂ ಬಳ್ಳಿಯ ಹತ್ತಿರ ಹೋಗಲು ಆಗುವುದಿಲ್ಲ, ಮೇಜಿನಿಂದ ಮೇಜಿಗೆ ಓಡುವುದೇ ಆಗುತ್ತದೆ. ಸಾಧ್ಯವಾದರೆ ಒಂದು ಹೆಸರಾಂತ ಕಿಂಟಾ, ಒಂದು ಕುಟುಂಬ ನಡೆಸುವ ಸಣ್ಣ ಕಿಂಟಾ ಇರುವ ಪ್ರವಾಸ ಆರಿಸಿ. ತೋಟದೊಳಗೆ ನಡೆಸುತ್ತಾರೆಯೇ ಎಂದು ನೇರವಾಗಿ ಕೇಳಿ. ‘ನೋಟ ಚೆನ್ನಾಗಿ ಕಾಣುತ್ತದೆ’ ಎಂಬ ಉತ್ತರ ಬಂದರೆ ನಡೆಸುವುದಿಲ್ಲ ಎಂದೇ ಅರ್ಥ.

ಮೂರನೆಯದು, ಬೆಲೆಯಲ್ಲಿ ಏನೇನು ಸೇರಿದೆ? ಪೋರ್ಟೊದಿಂದ ಹೊರಡುವ ಇಡೀ ದಿನದ ಪ್ರವಾಸಕ್ಕೆ ತಲೆಗೆ 100 ಯುರೋ ಆಚೀಚೆ ಕೇಳುವುದು ಸಾಮಾನ್ಯ. ಅದಕ್ಕಿಂತ ತೀರಾ ಕಡಿಮೆ ಇದ್ದರೆ ಊಟ, ದೋಣಿ ಅಥವಾ ಒಂದು ತೋಟದ ಶುಲ್ಕ ಹೊರಗಿರಬಹುದು. ಹತ್ತಿಸಿಕೊಳ್ಳುವುದು ಹೋಟೆಲಿನಿಂದಲೋ ನಿಗದಿತ ಜಾಗದಿಂದಲೋ, ರದ್ದು ಮಾಡಲು ಎಷ್ಟು ಗಂಟೆ ಮೊದಲು ತಿಳಿಸಬೇಕು ಎಂಬುದನ್ನೂ ನೋಡಿ.

ಪೋರ್ಚುಗಲ್‌ನಲ್ಲಿ ಪ್ರವಾಸ ನಡೆಸುವ ಸಂಸ್ಥೆಗಳು ರಾಷ್ಟ್ರೀಯ ಪ್ರವಾಸೋದ್ಯಮ ಸಂಸ್ಥೆಯಲ್ಲಿ ನೋಂದಾಯಿಸಿರಬೇಕು. ಜಾಲತಾಣದ ಅಡಿಯಲ್ಲಿ ಆರ್‌ಎನ್‌ಎಎಟಿ ಅಥವಾ ಆರ್‌ಎನ್‌ಎವಿಟಿ (RNAAT, RNAVT) ಎಂಬ ನೋಂದಣಿ ಅಕ್ಷರಗಳ ಜೊತೆ ಸಂಖ್ಯೆ ಇರುತ್ತದೆ. ಅದು ಕಾಣದಿದ್ದರೆ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ. ತಕರಾರು ಎದ್ದರೆ ‘ಲಿವ್ರು ದೆ ರೆಕ್ಲಮಸೋಯ್ಶ್’, ಅಂದರೆ ದೂರು ಪುಸ್ತಕ, ಕೇಳಿ ಬರೆಯಬಹುದು. ಅದನ್ನು ಇಟ್ಟುಕೊಳ್ಳುವುದು ಅಲ್ಲಿ ಕಾನೂನಿನ ಪ್ರಕಾರ ಕಡ್ಡಾಯ.

ಸ್ವತಃ ಕಾರು ಬಾಡಿಗೆಗೆ ಪಡೆದು ಹೋಗುವ ಯೋಚನೆಯಿದ್ದರೆ ಕೈಬಿಡಿ ಎಂದೇ ಹೇಳುತ್ತೇನೆ. ಚಾಲಕನ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯಸಾರ ಮುಟ್ಟಿದರೆ ಅಲ್ಲಿ ಅಪರಾಧ. ವೃತ್ತಿನಿರತ ಚಾಲಕರಿಗೆ ಮಿತಿ 0.2 ಗ್ರಾಂ. ರೆಗ್ವಾದಿಂದ ಪಿನ್ಯಾಂವ್‌ಗೆ ನದಿಯಂಚಿನಲ್ಲೇ ಸಾಗುವ ಎನ್222 ರಸ್ತೆ ಸುಂದರವಾಗಿದೆ, ಆದರೆ ತಿರುವುಗಳ ರಸ್ತೆ. ಮದ್ಯ ಕೊಡಲು ಕನಿಷ್ಠ ವಯಸ್ಸು 18; ಪಾಸ್‌ಪೋರ್ಟ್‌ನ ಪ್ರತಿ ಜೊತೆಯಲ್ಲಿರಲಿ.

4. ಗುಂಪು ಬೇಡವೆನಿಸಿದರೆ ರೈಲು

ಪೋರ್ಟೊದಿಂದ ಪಿನ್ಯಾಂವ್‌ಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಕೆಲವು ರೈಲುಗಳಿಗೆ ರೆಗ್ವಾದಲ್ಲಿ ಬದಲಾಯಿಸಬೇಕು. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ, ನದಿ ಆ ಕಡೆಗಿದೆ. ಪಿನ್ಯಾಂವ್ ನಿಲ್ದಾಣದ ಗೋಡೆಗಳ ಮೇಲೆ ಕೊಯ್ಲು, ಬುಟ್ಟಿ ಹೊತ್ತವರು, ಪೀಪಾಯಿ ಸಾಗಿಸುವ ದೋಣಿಗಳನ್ನು ನೀಲಿ ಹಂಚಿನಲ್ಲಿ ಚಿತ್ರಿಸಿದ್ದಾರೆ. ಕಿಂಟಾ ದೊ ಬೊಂಫಿಂ, ಕಿಂಟಾ ದಾ ರೊಯೆದಾ ಎರಡೂ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಮುಂಗಡ ಕಾಯ್ದಿರಿಸದೆ ಹೋಗಬೇಡಿ. ವಾಪಸು ಬರುವ ರೈಲುಗಳು ದಿನಕ್ಕೆ ಕೆಲವೇ ಇರುವುದರಿಂದ ಸಂಜೆಯ ಸಮಯವನ್ನು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ.

5. ಹೊರಡುವ ಬೆಳಿಗ್ಗೆ

ಹೊಟ್ಟೆ ತುಂಬ ತಿಂಡಿ ತಿನ್ನಿ. ಖಾಲಿ ಹೊಟ್ಟೆಯಲ್ಲಿ ಹನ್ನೊಂದು ಗಂಟೆಗೆ ವೈನ್ ಶುರು ಮಾಡಿದವರಿಗೆ ಮಧ್ಯಾಹ್ನದ ಕಣಿವೆ ನೆನಪಿನಲ್ಲಿ ಉಳಿಯುವುದಿಲ್ಲ. ಅಡಿ ಹಿಡಿತವಿರುವ ಶೂ ಹಾಕಿ. ತೋಟದ ನೆಲದಲ್ಲಿ ಕಲ್ಲಿನ ಚಕ್ಕೆಗಳು ಜಾರುತ್ತವೆ. ಟೋಪಿ, ನೀರು, ಒಂದು ತೆಳುವಾದ ಸ್ವೆಟರ್ ಇರಲಿ, ಉಗ್ರಾಣದೊಳಗೆ ತಂಪು. ಸೆಂಟು ಹಚ್ಚಬೇಡಿ. ನಿಮಗಷ್ಟೇ ಅಲ್ಲ, ಪಕ್ಕದಲ್ಲಿ ಕುಳಿತವರಿಗೂ ವೈನಿನ ವಾಸನೆ ತಿಳಿಯದಂತಾಗುತ್ತದೆ.

ತಿರುವು ರಸ್ತೆಯಲ್ಲಿ ವಾಂತಿಯಾಗುವವರು ಮುಂದಿನ ಸೀಟನ್ನು ಮೊದಲೇ ಕೇಳಿಕೊಳ್ಳಿ. ವಾಂತಿ ತಡೆಯುವ ಮಾತ್ರೆಗಳಲ್ಲಿ ಹಲವು ನಿದ್ದೆ ತರಿಸುತ್ತವೆ, ಮದ್ಯದ ಜೊತೆ ಆ ಮಂಪರು ಹೆಚ್ಚುತ್ತದೆ. ಮಾತ್ರೆ ತೆಗೆದುಕೊಂಡರೆ ವೈನನ್ನು ಬಾಯಾಡಿಸಿ ಉಗುಳಿ. ಮಧುಮೇಹಿಗಳು ಗಮನಿಸಿ: ಪೋರ್ಟ್ ವೈನ್ ಒಂದು ಲೀಟರಿನಲ್ಲಿ ಸುಮಾರು 100 ಗ್ರಾಂ ಸಕ್ಕರೆ ಇರುವುದು ಸಾಮಾನ್ಯ. ನಿಯಮಿತವಾಗಿ ಔಷಧಿ ತೆಗೆದುಕೊಳ್ಳುವವರು ಹೊರಡುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ.

6. ತೋಟದಲ್ಲಿ ಏನನ್ನು ನೋಡಬೇಕು

ಪ್ರವಾಸದ ಸಾರ ಇರುವುದು ಇಲ್ಲಿ. ಬಹಳ ಜನ ಫೋಟೊ ತೆಗೆದು ಒಳಗೆ ಓಡುತ್ತಾರೆ. ನೀವು ನಿಲ್ಲಿ.

ಮೊದಲು ಕೆಳಗೆ ನೋಡಿ. ಮಣ್ಣು ಎಂಬುದೇ ಇಲ್ಲ ಎನಿಸುವಷ್ಟು ಕಲ್ಲು. ಷಿಸ್ಟ್ ಎಂಬ ಈ ಶಿಲೆ ಪದರುಪದರಾಗಿರುತ್ತದೆ. ಒಂದು ಚಕ್ಕೆಯನ್ನು ಕೈಗೆತ್ತಿಕೊಂಡರೆ ಬೆರಳಿನಲ್ಲೇ ಸೀಳುವಷ್ಟು ಸಡಿಲವಾಗಿರುವುದೂ ಉಂಟು. ಪದರುಗಳು ಹಲವೆಡೆ ನೇರವಾಗಿ ನಿಂತಿರುವುದರಿಂದ ಮಳೆನೀರು ಸಂದಿಗಳಲ್ಲಿ ಆಳಕ್ಕಿಳಿಯುತ್ತದೆ, ಬೇರುಗಳು ಅದನ್ನು ಹುಡುಕುತ್ತ ಮೀಟರುಗಟ್ಟಲೆ ಇಳಿಯುತ್ತವೆ. ಬೇಸಿಗೆಯಲ್ಲಿ ನೀರು ಹನಿಸದ ಬೆಟ್ಟದಲ್ಲಿ ಬಳ್ಳಿ ಬದುಕುವ ಗುಟ್ಟು ಇದು. ಸಂಜೆ ಗೋಡೆಯ ಮೇಲೆ ಅಂಗೈ ಇಟ್ಟರೆ ಹಗಲಿನ ಬಿಸಿ ಇನ್ನೂ ಇರುತ್ತದೆ. ರಾತ್ರಿಯೂ ಹಣ್ಣಿಗೆ ಆ ಕಾವು ತಾಗುತ್ತಿರುತ್ತದೆ.

ಆಮೇಲೆ ಎದುರಿನ ಬೆಟ್ಟ ನೋಡಿ. ಮೂರು ಬಗೆಯ ಸಾಲುಗಳನ್ನು ಗುರುತಿಸಬಹುದು. ಸುಣ್ಣ ಗಾರೆ ಇಲ್ಲದೆ ಬರಿಯ ಕಲ್ಲು ಜೋಡಿಸಿ ಕಟ್ಟಿದ ಗೋಡೆಗಳ ಹಿಂದೆ ಕಿರಿದಾದ ಮೆಟ್ಟಿಲುಗಳಿದ್ದರೆ ಅವು ಹಳೆಯವು, ಕೈಯಿಂದ ಕಟ್ಟಿದವು. ಗೋಡೆಯಿಲ್ಲದೆ ಮಣ್ಣಿನ ದಿಬ್ಬಗಳಷ್ಟೇ ಇರುವ ಅಗಲ ಮೆಟ್ಟಿಲುಗಳು 1970ರ ದಶಕದಿಂದೀಚೆಗೆ ಬುಲ್ಡೋಜರ್ ಮಾಡಿದ ಕೆಲಸ. ಬಳ್ಳಿಸಾಲುಗಳು ಬೆಟ್ಟದ ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ನೇರ ಇಳಿದಿದ್ದರೆ ಅದು ಇನ್ನೊಂದು ಆಧುನಿಕ ವಿಧಾನ. ಇವುಗಳ ನಡುವೆ ಪೊದೆ ಬೆಳೆದು ಪಾಳುಬಿದ್ದ ಮೆಟ್ಟಿಲುಗಳೂ ಕಾಣುತ್ತವೆ; ‘ಮೊರ್ತೋರಿಯು’ ಎನ್ನುತ್ತಾರೆ, ಅಂದರೆ ಸತ್ತ ತೋಟ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಪುಟ್ಟ ಕೀಟ ಬಳ್ಳಿಗಳ ಬೇರನ್ನು ಹೀರಿ ಕಣಿವೆಯನ್ನೇ ಬರಿದು ಮಾಡಿತು. ಅಮೆರಿಕದ ಬೇರಿಗೆ ಯುರೋಪಿನ ಬಳ್ಳಿಯನ್ನು ಕಸಿ ಕಟ್ಟಿದ ಮೇಲೆ ತೋಟಗಳು ಮತ್ತೆ ಎದ್ದವು, ಎಲ್ಲವೂ ಅಲ್ಲ. ಆ ಕಷ್ಟದ ಕಾಲದಲ್ಲಿ ಎದೆಗುಂದದೆ ತೋಟಗಳನ್ನು ಕಟ್ಟಿದ ದೋನಾ ಆಂತೋನಿಯಾ ಫೆರೇರಾ (1811–1896) ಎಂಬ ವಿಧವೆಯ ಹೆಸರನ್ನು ಕಣಿವೆಯ ಜನ ಇಂದಿಗೂ ಗೌರವದಿಂದ ಹೇಳುತ್ತಾರೆ. ಮಾರ್ಗದರ್ಶಿಯ ಬಳಿ ಆಕೆಯ ಬಗ್ಗೆ ಕೇಳಿ.

ಕುಡಿಯದವರಿಗೂ ನಾನು ಈ ಪ್ರವಾಸವನ್ನು ಧೈರ್ಯವಾಗಿ ಹೇಳುವುದು ಇದೆಲ್ಲ ಇರುವುದರಿಂದಲೇ. ಮೇಜಿನ ಮುಂದೆ ಅವರಿಗೆ ದ್ರಾಕ್ಷಿರಸವೋ ಆಲಿವ್ ಎಣ್ಣೆಯ ರುಚಿ ನೋಡುವ ಅವಕಾಶವೋ ಸಿಗುತ್ತದೆಯೇ, ಶುಲ್ಕದಲ್ಲಿ ರಿಯಾಯಿತಿ ಇದೆಯೇ ಎಂದು ಮೊದಲೇ ಕೇಳಿ. ಕಣಿವೆಯಲ್ಲಿ ಆಲಿವ್ ಮರಗಳೂ ಧಾರಾಳವಾಗಿವೆ.

7. ರುಚಿ ನೋಡುವಾಗ

ಒಂದು ಲೆಕ್ಕ ಮಾಡೋಣ. ಸುರಿಯುವುದು ಸಲಕ್ಕೆ 50 ಮಿ.ಲೀ. ಎಂದುಕೊಳ್ಳಿ. ಎರಡು ತೋಟಗಳಲ್ಲಿ ಸೇರಿ ಆರು ಸಾಮಾನ್ಯ ವೈನ್, ನಾಲ್ಕು ಪೋರ್ಟ್. ಸಾಮಾನ್ಯ ವೈನಿನಲ್ಲಿ ಮದ್ಯಸಾರ ಸುಮಾರು ಶೇ 13.5, ಪೋರ್ಟ್‌ನಲ್ಲಿ ಶೇ 20. ಎಲ್ಲವನ್ನೂ ಕುಡಿದರೆ ಒಳಗೆ ಹೋಗುವ ಶುದ್ಧ ಮದ್ಯಸಾರ 80 ಮಿ.ಲೀ., ಅಂದರೆ 60 ಮಿ.ಲೀ.ಯ ಮೂರು ಪೆಗ್ ವಿಸ್ಕಿಯಷ್ಟು. ಊಟದ ಜೊತೆ ಕೊಡುವ ಲೋಟ ಇದರಲ್ಲಿ ಸೇರಿಲ್ಲ. ಆದ್ದರಿಂದ ಉಗುಳಲು ಸಂಕೋಚ ಬೇಡ. ಮೇಜಿನ ಮೇಲಿನ ಪಾತ್ರೆ ಅದಕ್ಕಾಗಿಯೇ ಇದೆ, ವೈನ್ ವೃತ್ತಿಯವರೆಲ್ಲ ಉಗುಳುತ್ತಾರೆ. ಉಳಿದದ್ದನ್ನು ಅದರಲ್ಲೇ ಸುರಿಯಿರಿ. ಯಾರೂ ತಪ್ಪು ತಿಳಿಯುವುದಿಲ್ಲ.

ಲೋಟವನ್ನು ಕಾಂಡದಲ್ಲಿ ಹಿಡಿಯಿರಿ. ಅಲುಗಿಸುವ ಮುನ್ನ ಒಮ್ಮೆ, ಅಲುಗಿಸಿದ ಮೇಲೆ ಒಮ್ಮೆ ಮೂಸಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಮೂರನ್ನು ಗಮನಿಸಿ: ನಾಲಿಗೆಯ ಮೇಲೆ ಹುಳಿ, ಒಸಡಿನಲ್ಲಿ ಒಗರು, ನುಂಗಿದ ಅಥವಾ ಉಗುಳಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯಿತು. ಒಗರಿಗೆ ಕಾರಣ ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್. ಡೌರೊದ ಹೆಸರಾಂತ ಕಪ್ಪು ದ್ರಾಕ್ಷಿ ತೊರೀಗಾ ನಾಸಿಯೊನಾಲ್‌ನಲ್ಲಿ ಅದು ಢಾಳಾಗಿರುತ್ತದೆ. ಮಾರ್ಗದರ್ಶಿ ಹೇಳಿದ ಹೂವು ಹಣ್ಣುಗಳ ಪರಿಮಳವೆಲ್ಲ ನಿಮಗೆ ಸಿಗಲೇಬೇಕೆಂದಿಲ್ಲ. ನಿಮಗೆ ನೇರಳೆ ಹಣ್ಣು ನೆನಪಾದರೆ ಹಾಗೆಯೇ ಬರೆದುಕೊಳ್ಳಿ.

ಪೋರ್ಟ್ ಸಿಹಿಯಾಗಿರುವುದೇಕೆ? ದ್ರಾಕ್ಷಿರಸ ಹುಳಿತು ಸಕ್ಕರೆ ಮದ್ಯಸಾರವಾಗುತ್ತಿರುವಾಗ, ಅರ್ಧದಾರಿಯಲ್ಲಿ ಶೇ 77ರಷ್ಟು ತೀವ್ರತೆಯ ದ್ರಾಕ್ಷಿ ಮದ್ಯಸಾರ ಬೆರೆಸುತ್ತಾರೆ. ಹುಳಿಸುವ ಯೀಸ್ಟ್ ಅಲ್ಲಿಗೇ ಸಾಯುತ್ತದೆ, ಉಳಿದ ಸಕ್ಕರೆ ಹಾಗೆಯೇ ನಿಲ್ಲುತ್ತದೆ. ಬಗೆಗಳನ್ನು ಬಣ್ಣದಿಂದ ನೆನಪಿಟ್ಟುಕೊಳ್ಳಿ. ರೂಬಿ ಕಡುಗೆಂಪು, ದೊಡ್ಡ ತೊಟ್ಟಿಗಳಲ್ಲಿ ಗಾಳಿ ಹೆಚ್ಚು ತಾಗದೆ ಉಳಿದದ್ದು, ಹಣ್ಣಿನ ರುಚಿ. ಟಾನಿ ಸುಮಾರು 550 ಲೀಟರಿನ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಗಾಳಿಯೊಡನೆ ಮಾಗಿ ಕಂದುಬಣ್ಣಕ್ಕೆ ತಿರುಗಿದ್ದು, ಒಣಹಣ್ಣು ಬೀಜಗಳ ರುಚಿ. ಟಾನಿಯ ಮೇಲಿನ 10, 20, 30, 40 ಎಂಬ ಸಂಖ್ಯೆಗಳು ಒಂದೇ ವರ್ಷದ ವೈನನ್ನು ಸೂಚಿಸುವುದಿಲ್ಲ. ಹಲವು ವರ್ಷಗಳ ಮಿಶ್ರಣಕ್ಕೆ ಆ ವಯಸ್ಸಿನ ಗುಣ ಇದೆ ಎಂದು ಸೂಚಿಸುತ್ತವೆ. ವಿಂಟೇಜ್ ಒಂದೇ ಒಳ್ಳೆಯ ವರ್ಷದ್ದು. ಎರಡು ಮೂರು ವರ್ಷಕ್ಕೆ ಬಾಟಲಿ ಸೇರಿ ಅಲ್ಲೇ ದಶಕಗಳ ಕಾಲ ಮಾಗುತ್ತದೆ.

8. ಊಟ

‘ಸಸ್ಯಾಹಾರಿ’ ಎಂದಷ್ಟೇ ಹೇಳಿದರೆ ಸಾಲದು. ಮೀನು ತಿನ್ನುತ್ತೀರೆಂದು ತಿಳಿಯುವವರಿದ್ದಾರೆ. ಕಾಯ್ದಿರಿಸುವಾಗಲೇ ‘ಸೆಂ ಕಾರ್ನೆ, ಸೆಂ ಪೇಷೆ’ (ಮಾಂಸವಿಲ್ಲದೆ, ಮೀನಿಲ್ಲದೆ) ಎಂದು ಬರೆದು, ಮೊಟ್ಟೆ ಹಾಲಿನ ವಿಷಯವನ್ನೂ ಸೇರಿಸಿ. ಕಾಲ್ದು ವೆರ್ದೆ ಎಂಬ ಹಸಿರು ಸೊಪ್ಪಿನ ಸಾರು ನೋಡಲು ನಮ್ಮದೇ ಅಡುಗೆಯಂತಿದ್ದರೂ ಅದರಲ್ಲಿ ಹಂದಿಯ ಸಾಸೇಜಿನ ತುಂಡು ಇರುತ್ತದೆ. ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ, ಜೆಲಟಿನ್‌ನಂಥ ಪ್ರಾಣಿಜನ್ಯ ವಸ್ತು ಬಳಸುವುದೂ ಇದೆ. ಅದು ನಿಮಗೆ ಮುಖ್ಯವಾದರೆ ವೀಗನ್ ಗುರುತಿನ ಬಾಟಲಿ ಕೇಳಿ. ಊಟ ಪ್ರವಾಸದ ಬೆಲೆಯಲ್ಲಿ ಸೇರಿಲ್ಲದಿದ್ದರೆ, ಕೇಳದೆಯೇ ಮೇಜಿಗೆ ಬರುವ ಬ್ರೆಡ್, ಆಲಿವ್, ಚೀಸ್‌ಗೆ ಹಣ ಕೊಡಬೇಕಾಗುತ್ತದೆ. ಬೇಡವಾದರೆ ಮುಟ್ಟುವ ಮೊದಲೇ ವಾಪಸು ಕಳಿಸಿ.

9. ಬಾಟಲಿ ಕೊಳ್ಳುವಾಗ

ತೋಟದಲ್ಲಿ ಕೊಳ್ಳಬೇಕಾದ್ದು ಬೇರೆಲ್ಲೂ ಸಿಗದ ಸಣ್ಣ ಕಿಂಟಾದ ವೈನನ್ನು. ದೊಡ್ಡ ಹೆಸರಿನ ಪೋರ್ಟ್ ಪೋರ್ಟೊದ ಅಂಗಡಿಗಳಲ್ಲೂ ವಿಮಾನ ನಿಲ್ದಾಣದಲ್ಲೂ ಸಿಗುತ್ತದೆ. ಪೋರ್ಟ್ ಬಾಟಲಿಯ ಕತ್ತಿನ ಮೇಲೆ ಸಂಖ್ಯೆಯಿರುವ ಕಾಗದದ ಪಟ್ಟಿ ಇದೆಯೇ ನೋಡಿ. ಅದು ಡೌರೊ ಮತ್ತು ಪೋರ್ಟ್ ವೈನ್ ಸಂಸ್ಥೆಯ ಖಾತರಿ ಮುದ್ರೆ.

ಕೈಚೀಲದಲ್ಲಿ ಬಾಟಲಿ ಒಯ್ಯಲು ಬಿಡುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯ ನಡುವೆ ಇಡಿ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ್ದು ತಲೆಗೆ ಎರಡು ಲೀಟರ್ ಮದ್ಯ ಅಥವಾ ವೈನ್. 750 ಮಿ.ಲೀ.ಯ ಎರಡು ಬಾಟಲಿಗೆ ಒಂದೂವರೆ ಲೀಟರ್ ಆಯಿತು, ಮೂರನೆಯದು ಮಿತಿ ಮೀರುತ್ತದೆ. 375 ಮಿ.ಲೀ.ಯ ಅರ್ಧ ಬಾಟಲಿ ಸೇರಿಸಿದರೆ ಮಿತಿಯೊಳಗೇ ಉಳಿಯುತ್ತೀರಿ. ದಾರಿಯಲ್ಲಿ ವಿಮಾನ ಬದಲಾಯಿಸುವವರು ಸುಂಕರಹಿತ ಅಂಗಡಿಯ ಮೊಹರು ಮಾಡಿದ ಚೀಲವನ್ನು ಮನೆ ಮುಟ್ಟುವವರೆಗೂ ತೆರೆಯಬೇಡಿ.

ಮನೆಯಲ್ಲಿ ಮುಚ್ಚಳ ತೆಗೆದ ಮೇಲೆ ವಿಂಟೇಜ್ ಒಂದೆರಡು ದಿನದಲ್ಲಿ ಮುಗಿಯಬೇಕು. ಟಾನಿಯನ್ನು ಫ್ರಿಜ್ಜಿನಲ್ಲಿ ಇಟ್ಟರೆ ಕೆಲವು ವಾರ ರುಚಿ ಕೆಡುವುದಿಲ್ಲ. ಅಪರೂಪಕ್ಕೆ ಒಂದು ಸಣ್ಣ ಲೋಟ ಕುಡಿಯುವವರು ಟಾನಿಯನ್ನೇ ತನ್ನಿ.